ಹೊಸಿಲಲ್ಲಿ ಪುಟ್ಟಿ ಕೇಳಿದ ಪ್ರಶ್ನೆ

ಸಂತೆಯ ದಿನವೇ ತರಗತಿ ಇಟ್ಟುಕೊಂಡದ್ದು ನನ್ನ ಜಾಣತನವೇನಲ್ಲ. ಬೇರೆ ದಿನ ಯಾರೂ ಮಕ್ಕಳನ್ನು ಕರೆತರುತ್ತಿರಲಿಲ್ಲ, ಅಷ್ಟೇ. ಸಕಲೇಶಪುರದ ಸಂತೆಗೆ ಹೇಗೂ ಬರುವವರು ಮಗುವನ್ನು ನನ್ನ ಕೋಣೆಯಲ್ಲಿ ಬಿಟ್ಟು, ಮೆಣಸಿನಕಾಯಿ, ಒಣಮೀನು, ಈರುಳ್ಳಿ ಕೊಂಡು, ಮಧ್ಯಾಹ್ನದ ಬಸ್ಸಿಗೆ ಮೊದಲು ಬಂದು ಕರೆದೊಯ್ಯುತ್ತಿದ್ದರು. ಕೋಣೆ ಎಂದರೆ ಒಬ್ಬ ಮಕ್ಕಳ ಡಾಕ್ಟರ ಕ್ಲಿನಿಕ್ಕಿನ ಹಿಂಭಾಗ, ಔಷಧಿಯ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿಡುತ್ತಿದ್ದ ಜಾಗ. ಎರಡು ಸಾವಿರದ ಇಸವಿ ದಾಟಿದ ಹೊಸತು. ಊರಲ್ಲಿ ನನಗೆ 'ಮಾತು ಕಲಿಸೋ ಟೀಚರ್' ಎಂದು ಹೆಸರು.

"ಮಾತು ಕಲ್ಸಕ್ಕೂ ಟೀಚರ್ ಬೇಕೇನ್ರೀ? ನಮ್ಮನೇಲಿ ಇರೋ ಮಾತು ನಿಲ್ಸಕ್ಕೆ ಯಾರಾದ್ರೂ ಇದ್ರೆ ಹೇಳಿ, ನಾನೇ ಫೀಸು ಕೊಡ್ತೀನಿ" ಎಂದು ಕ್ಲಿನಿಕ್ಕಿನ ಕಾಂಪೌಂಡರ್ ಪ್ರತಿ ಸಂತೆಗೂ ರೇಗಿಸುತ್ತಿದ್ದ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಆದರೆ ಮಾತು ಬರುವುದು ಬೇರೆ, ಮಾತಾಡಲು ಬರುವುದು ಬೇರೆ ಎನ್ನುವುದನ್ನು ನಿಂತ ನಿಲುವಿನಲ್ಲಿ ವಿವರಿಸುವುದು ಕಷ್ಟ. ನನ್ನೊಬ್ಬಳ ಮುಂದೆ ಕೂತಾಗ ಚೆನ್ನಾಗಿ ಮಾತಾಡುವ ಮಗು ಇನ್ನೊಂದು ಮಗು ಪಕ್ಕಕ್ಕೆ ಬಂದರೆ ಗೋಡೆ ನೋಡುತ್ತದೆ. ಹಾಗಾಗಿ ಒಬ್ಬೊಬ್ಬರಿಗೇ ಕಲಿಸುವುದನ್ನು ಬಿಟ್ಟು, ಆ ವರ್ಷ ನಾಲ್ಕು ಮಕ್ಕಳ ಒಂದು ಗುಂಪು ಮಾಡಿದೆ.

ಪಾಳ್ಯದ ರೈತರ ಮನೆಯ ಒಬ್ಬ ಹುಡುಗ, ಅವನಿಗೆ ಉಗ್ಗು. ಎಸ್ಟೇಟಿನ ಕೂಲಿ ಲೈನಿನ ಇನ್ನೊಬ್ಬ, ಮನೆಯಲ್ಲಿ ಹರಟೆಮಲ್ಲ, ಹೊರಗೆ ಬಾಯಿಗೆ ಬೀಗ. ಪೇಟೆಯಲ್ಲಿ ಕಾಫಿ ವ್ಯಾಪಾರ ಮಾಡುವ ಸಾಹೇಬರ ಮಗಳು, ಇವಳದು ತದ್ವಿರುದ್ಧ ಕಾಯಿಲೆ, ಯಾರಿಗೂ ಬಾಯಿ ತೆರೆಯಲು ಬಿಡದೆ ತಾನೇ ಮಾತಾಡುವುದು. ನಾಲ್ಕನೆಯವಳು ವನಗೂರು ಕಡೆಯ ಏಳು ವರ್ಷದ ಹುಡುಗಿ. ಮನೆಯಲ್ಲಿ ಪುಟ್ಟಿ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ.

ಪುಟ್ಟಿಗೆ ಮಾತಿರಲಿಲ್ಲ ಎನ್ನುವಂತಿಲ್ಲ. ಕೇಳಿದ್ದನ್ನೆಲ್ಲ ಹೇಳುತ್ತಿದ್ದಳು. "ಕಾಫಿ ಬೇಕಾ?" ಎಂದರೆ "ಕಾಫಿ ಬೇಕಾ" ಎನ್ನುತ್ತಿದ್ದಳು. ಸುಮ್ಮನೆ ಕೂತಾಗ ಬಸ್ಸಿನ ಕಂಡಕ್ಟರನ ದನಿಯಲ್ಲಿ "ಮುಂದಕ್ಕೋಗಿ, ಮುಂದಕ್ಕೋಗಿ, ರೈಟ್" ಎಂದು ಗೋಡೆಗೆ ಹೇಳುತ್ತಿದ್ದಳು. ಯಾವುದೋ ಆಸ್ಪತ್ರೆಯ ಚೀಟಿಯಲ್ಲಿ ಮಂದಬುದ್ಧಿ ಎಂದು ಬರೆದಿದ್ದರು. ನನಗೆ ಆಟಿಸಂ ಎಂಬ ಗುಮಾನಿ ಇತ್ತು. ಅವಳ ತಾಯಿಗೆ ಎರಡೂ ಹೆಸರು ಬೇಕಿರಲಿಲ್ಲ.

"ಏನು ಬೇಕಾದ್ರೂ ಕೈ ಹಿಡ್ದು ಎಳ್ಕೊಂಡೋಗಿ ತೋರಿಸ್ತಾಳೆ ಮೇಡಂ" ಎಂದಿದ್ದಳು ಆ ತಾಯಿ ಮೊದಲ ದಿನ. "ಆದ್ರೆ ಎಲ್ಲಿಗೆ ಹೋಗಿದ್ದೆ, ಏನು ತಂದೆ, ಯಾಕೆ ಅಳ್ತಿದ್ದೀಯ ಅಂತ ನನ್ನನ್ನ ಒಂದಿನಾನೂ ಕೇಳಿಲ್ಲ. ಒಂದೇ ಒಂದು ಸಲ ಇವಳು ಏನಾದ್ರೂ ಕೇಳ್ಲಿ. ಅಷ್ಟು ಸಾಕು ನಂಗೆ."

ನಾನು ಮಾತು ಕೊಡಲಿಲ್ಲ. ಪ್ರಯತ್ನ ಮಾಡೋಣ ಎಂದೆ. ಒಳಗೊಳಗೇ ಮಾತ್ರ, ಇದನ್ನು ಮಾಡಿಯೇ ತೀರುತ್ತೇನೆ ಎಂದುಕೊಂಡೆ.

ಗುಂಪಿನ ಮೊದಲ ಪಾಠ ಸರದಿ. ಒಂದು ಸ್ಟೀಲ್ ಲೋಟ ಇಟ್ಟುಕೊಂಡೆ. ಲೋಟ ಯಾರ ಕೈಯಲ್ಲಿದೆಯೋ ಅವರು ಮಾತಾಡಬೇಕು, ಉಳಿದವರು ಅವರ ಮುಖ ನೋಡಬೇಕು. ನಾಲ್ಕಾರು ಸಂತೆ ಕಳೆಯುವಷ್ಟರಲ್ಲಿ ಲೋಟದ ಮೇಲೆ ನನಗೇ ಜಿಗುಪ್ಸೆ ಬಂತು. ಸಾಹೇಬರ ಮಗಳು ಸಿಕ್ಕ ಲೋಟವನ್ನು ಬಿಡುತ್ತಿರಲಿಲ್ಲ. ಲೈನಿನ ಹುಡುಗ ಕೆಂಡ ಮುಟ್ಟಿದವನ ಹಾಗೆ ಪಕ್ಕಕ್ಕೆ ದಾಟಿಸಿಬಿಡುತ್ತಿದ್ದ. ಉಗ್ಗಿನ ಹುಡುಗ ಅದನ್ನು ಹಿಡಿದು ಬೆವರುತ್ತಿದ್ದ. ಪುಟ್ಟಿಯೋ, ಲೋಟವನ್ನು ನೆಲದ ಮೇಲೆ ಬುಗುರಿಯ ಹಾಗೆ ತಿರುಗಿಸಿ, ಅದು ಸದ್ದು ಮಾಡಿ ನಿಲ್ಲುವವರೆಗೆ ಲೋಕವನ್ನೇ ಮರೆಯುತ್ತಿದ್ದಳು. ಕೊನೆಗೆ ಲೋಟವನ್ನು ಕಾಂಪೌಂಡರನಿಗೆ ಟೀ ಕುಡಿಯಲು ಕೊಟ್ಟೆ.

ಬಸ್ಸಿನ ಆಟ ಹುಟ್ಟಿದ್ದು ಆಮೇಲೆ. ಪುಟ್ಟಿಯ ಬಾಯಲ್ಲಿ ಕಂಡಕ್ಟರ್ ಹೇಗೂ ಕೂತಿದ್ದಾನೆ, ಅವನನ್ನೇ ಕೆಲಸಕ್ಕೆ ಹಚ್ಚಿದರಾಯಿತು ಎನಿಸಿತು. ರಟ್ಟಿನ ಪೆಟ್ಟಿಗೆಗಳು ಸೀಟುಗಳಾದವು. ನನ್ನ ಹಳೇ ವ್ಯಾನಿಟಿ ಬ್ಯಾಗು ಕಂಡಕ್ಟರನ ಚೀಲವಾಯಿತು. ಕಂಡಕ್ಟರ್ ಪ್ರತಿಯೊಬ್ಬರ ಹತ್ತಿರ ಬಂದು "ಎಲ್ಲಿಗೆ?" ಎಂದು ಕೇಳಬೇಕು, ಅವರು ಊರು ಹೇಳಬೇಕು, ಕಂಡಕ್ಟರ್ ಟಿಕೆಟ್ ಕೊಡಬೇಕು. ಇಷ್ಟೇ ಆಟ. ಆದರೆ ಸಂಭಾಷಣೆಗೆ ಬೇಕಾದ್ದೆಲ್ಲ ಇದರಲ್ಲಿತ್ತು: ಎದುರಿಗೆ ನಿಲ್ಲುವುದು, ಕೇಳುವುದು, ಕಾಯುವುದು, ಉತ್ತರಕ್ಕೆ ತಕ್ಕಂತೆ ನಡೆಯುವುದು.

ಪುಟ್ಟಿ ಕಂಡಕ್ಟರ್ ಆದಾಗ ನಾನು ಅವಳ ಹಿಂದೆ ಮಂಡಿಯೂರಿ ನಡೆಯುತ್ತಿದ್ದೆ. ಮೊದಮೊದಲು ಕಿವಿಯಲ್ಲಿ "ಎಲ್ಲಿಗೆ" ಎಂದು ಪಿಸುಗುಟ್ಟುತ್ತಿದ್ದೆ. ಅದು ರೂಢಿಯಾದ ಮೇಲೆ "ಎಲ್" ಎಂದಷ್ಟೇ ನಿಲ್ಲಿಸಿದೆ. ಆಮೇಲೆ ಬರೀ ಮೊಣಕೈ ಮುಟ್ಟುವುದು. ಆಮೇಲೆ ಅದೂ ಇಲ್ಲ, ಸುಮ್ಮನೆ ಕಾಯುವುದು. ನಮ್ಮ ಕೆಲಸದಲ್ಲಿ ಈ ಕಾಯುವುದೇ ಎಲ್ಲಕ್ಕಿಂತ ಕಷ್ಟ. ನಾಲಿಗೆ ತುದಿಯವರೆಗೆ ಬಂದ ಸಹಾಯವನ್ನು ನುಂಗಿಕೊಂಡು ಕೂರಬೇಕು.

ಕೇಳುವುದೇನೋ ಬಂತು, ಆದರೆ ಉತ್ತರ ಬೇಕಿರಲಿಲ್ಲ. "ಎಲ್ಲಿಗೆ" ಎನ್ನುವುದು, ಟಿಕೆಟ್ ಕೈಗೆ ತುರುಕುವುದು, ಮುಂದಕ್ಕೆ ಹೋಗುವುದು. ಆಗ ಟಿಕೆಟ್‌ಗಳಿಗೆ ಬಣ್ಣ ಹಚ್ಚಿದೆ. ವನಗೂರಿಗೆ ಕೆಂಪು, ಪಾಳ್ಯಕ್ಕೆ ಹಸಿರು, ಹಾಸನಕ್ಕೆ ಹಳದಿ. ಊರಿನ ಹೆಸರು ಕಿವಿಗೆ ಬೀಳದಿದ್ದರೆ ಯಾವ ಬಣ್ಣ ಕೊಡುವುದು? ಪುಟ್ಟಿ ಮೊದಲ ಬಾರಿಗೆ ನಿಂತಳು. ಕೈ ಚಾಚಿಕೊಂಡು, ಎದುರಿನವರ ಬಾಯಿಯನ್ನೇ ನೋಡುತ್ತ, ಉತ್ತರ ಬರುವವರೆಗೆ ನಿಂತಳು. ಉಗ್ಗಿನ ಹುಡುಗನಿಗೆ "ಪಾಳ್ಯ" ಎನ್ನಲು ಎಷ್ಟು ಹೊತ್ತು ಹಿಡಿದರೂ ಅವಳು ಅವಸರ ಮಾಡುತ್ತಿರಲಿಲ್ಲ. ಅವನ ಜೀವಮಾನದಲ್ಲಿ ಅಷ್ಟು ತಾಳ್ಮೆಯಿಂದ ಅವನ ಮಾತಿಗೆ ಕಾದವರು ಬೇರೆ ಯಾರೂ ಇರಲಿಲ್ಲವೇನೋ. ಅವನು ಬೇರೆ ಪೆಟ್ಟಿಗೆಯ ಮೇಲೆ ಕೂರಲು ಒಪ್ಪದೆ, ಕಂಡಕ್ಟರ್ ಮೊದಲು ಬರುವ ಸೀಟಿಗೇ ಜಗಳವಾಡುತ್ತಿದ್ದ.

ಒಂದು ದಿನ ಸಾಹೇಬರ ಮಗಳು ತುಂಟತನಕ್ಕೆ "ಬೊಂಬಾಯಿ" ಎಂದಳು. ಚೀಲದಲ್ಲಿ ಬೊಂಬಾಯಿಯ ಬಣ್ಣ ಇಲ್ಲ. ಪುಟ್ಟಿ ಚೀಲ ನೋಡಿದಳು, ನನ್ನನ್ನು ನೋಡಿದಳು, ನಾನು ಅವಳ ಮೊಣಕೈ ಮುಟ್ಟಲಿಲ್ಲ. ಅವಳು ಆ ಹುಡುಗಿಯ ಮುಖವನ್ನೇ ದಿಟ್ಟಿಸಿ, "ಬೊಂಬಾಯಿ ಇಲ್ಲ. ಇಳೀರಿ" ಎಂದಳು. ಯಾರೂ ಹೇಳಿಕೊಟ್ಟ ಮಾತಲ್ಲ, ಎಲ್ಲಿಂದಲೂ ಎರವಲು ತಂದದ್ದಲ್ಲ. ಲೈನಿನ ಹುಡುಗ ಪೆಟ್ಟಿಗೆಯಿಂದ ಬೀಳುವಷ್ಟು ನಕ್ಕ. ನನಗೆ ಕಣ್ಣು ಮಂಜಾಗಿ, ಹೊರಗೆ ಹೋಗಿ ಕಾಂಪೌಂಡರನಿಗೆ ಹೇಳಿದೆ. ಅವನಿಗೆ ಏನೂ ಅರ್ಥವಾಗಲಿಲ್ಲ, ಆದರೂ "ಭಲೇ" ಎಂದ.

ಕೋಣೆಯಲ್ಲಿ ಕಲಿತದ್ದು ಕೋಣೆಯಲ್ಲೇ ಉಳಿದರೆ ಪ್ರಯೋಜನವಿಲ್ಲ. ಬಣ್ಣದ ಟಿಕೆಟ್‌ಗಳ ಒಂದು ಕಟ್ಟನ್ನು ತಾಯಿಗೆ ಕೊಟ್ಟು, ಮನೆಯ ಜಗುಲಿಯಲ್ಲಿ ಆಟ ಆಡಿಸಿ, ಯಾರನ್ನು ಕೇಳಿದರೂ ಉತ್ತರ ಕೊಡಲು ಹೇಳಿ ಎಂದೆ. ಮನೆಯಲ್ಲಿ ಪುಟ್ಟಿಯ ಅಜ್ಜ, ಅಜ್ಜಿ ಇದ್ದರು. ಅಜ್ಜಿಗೆ ಈ ತರಗತಿಯಲ್ಲಿ ನಂಬಿಕೆಯಿರಲಿಲ್ಲ. ಅಜ್ಜ ಮಾತ್ರ ಸಂಜೆಯಾದರೆ ಜಗುಲಿಯ ಮೇಲೆ ಪ್ರಯಾಣಿಕನಾಗಿ ಕೂತು, ಸೊಸೆ ಬಸ್ಸು ಹೊರಡಿಸುವುದನ್ನು ಕಾಯುತ್ತಿದ್ದರಂತೆ. ಒಂದು ದಿನ ಕೆಂಪು, ಒಂದು ದಿನ ಹಳದಿ ಟಿಕೆಟ್ ಪಡೆದು, ಕೂತಲ್ಲಿಂದಲೇ ಊರೂರು ತಿರುಗಿದರಂತೆ.

ಆಮೇಲಿನ ಸಂಗತಿಯನ್ನು ತಾಯಿ ಹೇಳಿದ್ದು ಒಂದು ಸಂತೆಯ ದಿನ, ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ನಿಂತು. ಅಂದು ಪುಟ್ಟಿಯನ್ನು ಕರೆತಂದಿರಲಿಲ್ಲ.

"ಮಾವಯ್ಯ ಕಣ್ಣಿನ ಪೊರೆ ತೆಗ್ಸಕ್ಕೆ ಹಾಸನಕ್ಕೆ ಹೊರಟಿದ್ರು ಮೇಡಂ. ಅತ್ತೆ ರಾಹುಕಾಲ ಕಳೀಲಿ ಅಂತ ಕಾದು, ದೇವ್ರಿಗೆ ದೀಪ ಹಚ್ಚಿ ಹೊರಡ್ಸಿದ್ರು. ಜೀಪು ಅಂಗಳದಲ್ಲಿತ್ತು. ಮಾವ ಚಪ್ಪಲಿ ಹಾಕ್ಕೊಂಡು ಹೊಸಿಲು ದಾಟ್ತಿದ್ದಂಗೆ ಇವಳು ಓಡಿಬಂದು ಎದ್ರಿಗೆ ನಿಂತ್ಲು. ಕೈ ಚಾಚಿ, 'ಎಲ್ಲಿಗೆ ಅಜ್ಜ?' ಅಂದ್ಲು."

ನಾನು ಅವಳ ಮಾತು ಮುಗಿಯುವ ಮುಂಚೆಯೇ ಚಪ್ಪಾಳೆ ತಟ್ಟಿಬಿಟ್ಟೆ. ಆಟವಿಲ್ಲದ ಹೊತ್ತಿನಲ್ಲಿ, ಚೀಲವಿಲ್ಲದೆ, ಹೇಳಿಕೊಡುವವರಿಲ್ಲದೆ ಕೇಳಿದ್ದಾಳೆ! ಜೊತೆಗೆ 'ಅಜ್ಜ' ಎಂದು ತಾನೇ ಸೇರಿಸಿದ್ದಾಳೆ! ತಾಯಿ ನನ್ನನ್ನೇ ನೋಡುತ್ತ ನಿಂತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು. ಆಗ ನನ್ನ ಕೈಗಳು ತಾವಾಗಿ ಇಳಿದವು.

ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ತೀರಾ ಕೇಳಲೇಬೇಕಾದರೆ "ದೂರ ಹೊರಟ್ರಾ?" ಎನ್ನಬೇಕು. ಎಲ್ಲಿಗೆ ಎಂದು ಯಾರಾದರೂ ಕೇಳಿಬಿಟ್ಟರೆ ನಮ್ಮಪ್ಪ ಕೊಡೆಯನ್ನು ಮೂಲೆಗೆಸೆದು ಕೂತುಬಿಡುತ್ತಿದ್ದ. ಬಸ್ಸಿನಲ್ಲಿ ಕಂಡಕ್ಟರ್ ದಿನಕ್ಕೆ ನೂರು ಜನರನ್ನು ಕೇಳುವ ಪ್ರಶ್ನೆ ಮನೆಯ ಹೊಸಿಲಿಗೆ ಬಂದಾಗ ಬೇರೆಯೇ ಆಗುತ್ತದೆ ಎನ್ನುವುದು ಮಂಡಿಯೂರಿ ನಡೆಯುತ್ತಿದ್ದ ನನಗೆ ಹೊಳೆದಿರಲಿಲ್ಲ.

ಅಜ್ಜಿ ಪುಟ್ಟಿಯ ಬಾಯಿಯ ಮೇಲೆ ಹೊಡೆದರಂತೆ. ಅಜ್ಜನನ್ನು ಒಳಗೆ ಕರೆದು ಕೂರಿಸಿ, ನೀರು ಕುಡಿಸಿ, ಸ್ವಲ್ಪ ಹೊತ್ತು ಕಳೆದ ಮೇಲೆ ಮತ್ತೆ ಹೊರಡಿಸಿದರಂತೆ. ಅಷ್ಟೆಲ್ಲ ಮಾಡಿದರೂ ಕೆಳಗಿನ ತಿರುವಿನಲ್ಲಿ ಜೀಪು ಜಾರಿ ಚರಂಡಿಗೆ ವಾಲಿತು. ಉಳಿದವರಿಗೆ ತರಚು ಗಾಯ, ಅಜ್ಜನಿಗೆ ತೊಡೆಯ ಮೂಳೆ ಮುರಿಯಿತು. ಆ ವಯಸ್ಸಿನಲ್ಲಿ ಮುರಿದ ಮೂಳೆ. ಆಸ್ಪತ್ರೆಯಿಂದ ಮನೆಗೆ ಬಂದರು ಎನ್ನುವುದಕ್ಕಿಂತ ಮಂಚಕ್ಕೆ ಬಂದರು ಎನ್ನಬೇಕು.

ಮುಂದಿನ ಸಂತೆಗೆ ಅಜ್ಜಿಯೇ ಪುಟ್ಟಿಯ ಕೈ ಹಿಡಿದುಕೊಂಡು ಬಂದರು. ಎತ್ತರದ ಹೆಂಗಸು. ಕೂರಿ ಎಂದರೆ ಕೂರಲಿಲ್ಲ.

"ನೀವು ಓದಿದೋರು ಟೀಚರಮ್ಮ. ನಾನು ಜಗಳಕ್ಕೆ ಬಂದಿಲ್ಲ" ಎಂದರು. "ಮಗೀಗೆ ಮಾತು ಬರ್ಲಿ ಅಂತ ಕಳ್ಸಿದ್ವಿ, ಬಂತು, ಸರಿ. ಆದ್ರೆ ಆ ಕೇಳೋದನ್ನ ಬಿಡಿಸ್ಬುಡಿ. ಮನೇಲಿ ಈಗ ಯಾರು ಚಪ್ಪಲಿ ಮೆಟ್ಟಿದ್ರೂ ಎದ್ರಿಗೆ ಬಂದು ನಿಲ್ತಾಳೆ. ನನ್ನ ಮಗ ಹಿತ್ಲು ಬಾಗ್ಲಿಂದ ಕದ್ದು ಹೋಗೋ ಹಂಗಾಗೈತೆ."

"'ದೂರ ಹೊರಟ್ರಾ' ಅಂತ ಹೇಳ್ಕೊಡ್ತೀನಿ ಅಜ್ಜಿ. ಕೇಳೋದನ್ನೇ ಬಿಡಿಸೋದು ಬೇಡ" ಎಂದೆ.

"ಯಾವುದೂ ಬ್ಯಾಡ ಕಣ್ರವ್ವ. ಹೊರಟೋರ ಮುಂದೆ ಇವಳು ಬಾಯಿ ಮುಚ್ಕೊಂಡಿದ್ರೆ ಸಾಕು. ಆಗಲ್ಲ ಅಂದ್ರೆ ಹೇಳಿ, ಇವತ್ತೇ ಬಸ್ಸು ಹತ್ತುಸ್ಕೊಂಡು ಹೋಗ್ತೀನಿ. ಮತ್ತೆ ಕಳ್ಸಕಿಲ್ಲ."

ಪುಟ್ಟಿ ಆಗಲೇ ವ್ಯಾನಿಟಿ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಪೆಟ್ಟಿಗೆಗಳ ನಡುವೆ ನಿಂತಿದ್ದಳು. ಉಗ್ಗಿನ ಹುಡುಗ ಮೊದಲ ಸೀಟಿನಲ್ಲಿ ಕೂತಿದ್ದ.

ಕಲಿಸಿದ್ದನ್ನು ಅಳಿಸಬಾರದು, ಅದರ ಪಕ್ಕದಲ್ಲಿ ಇನ್ನೊಂದನ್ನು ಕಲಿಸಬೇಕು. ಇದು ನಮಗೆ ಕಲಿಸಿದ್ದ ಪಾಠ. ಬಸ್ಸಿನಲ್ಲಿ ಕೇಳಬಹುದು, ಹೊಸಿಲಲ್ಲಿ ಕೇಳಬಾರದು ಎಂಬ ವ್ಯತ್ಯಾಸವನ್ನು ಪುಟ್ಟಿಗೆ ತಿಳಿಸಲು ತಿಂಗಳುಗಳೇ ಬೇಕು. ಅಷ್ಟು ತಿಂಗಳು ಆ ಮನೆಯವರು ಹಿತ್ತಲ ಬಾಗಿಲಿನಿಂದ ಓಡಾಡುತ್ತಿರಲಾರರು. ನಾನು ಆಗಲ್ಲ ಎಂದರೆ ಈ ಮಗು ಈ ಮೆಟ್ಟಿಲು ಮತ್ತೆ ಹತ್ತುವುದಿಲ್ಲ. ಒಂದು ಪ್ರಶ್ನೆಯನ್ನು ಬಿಟ್ಟುಕೊಟ್ಟು ಮಗುವನ್ನು ಉಳಿಸಿಕೊಳ್ಳೋಣ, ಮುಂದೆ ನೋಡಿಕೊಂಡರಾಯಿತು ಎಂದು ಲೆಕ್ಕ ಹಾಕಿದೆ. "ಆಗಲಿ" ಎಂದೆ. ಈಗಲೂ ಆ ಜಾಗದಲ್ಲಿ ನಿಂತರೆ ಬೇರೇನು ಹೇಳುತ್ತೇನೋ ಗೊತ್ತಿಲ್ಲ. 

ಹೊಸ ಪಾಠಕ್ಕೆ ಕೋಣೆಯ ಬಾಗಿಲೇ ಹೊಸಿಲಾಯಿತು. ಮಕ್ಕಳು ಒಬ್ಬೊಬ್ಬರಾಗಿ ಚಪ್ಪಲಿ ಹಾಕಿಕೊಂಡು ಹೊರಡುವುದು. ಚಪ್ಪಲಿ ಕಂಡ ಕೂಡಲೇ ಪುಟ್ಟಿ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳಬೇಕು. ಹೊರಟವರು ಅಂಗಳ ದಾಟಿದ ಮೇಲೆ ಕೈ ತೆಗೆದು "ಹೋಗಿ ಬನ್ನಿ" ಎನ್ನಬೇಕು. ಮೊದಮೊದಲು ಅವಳ ಕೈಯನ್ನು ನಾನೇ ಎತ್ತಿ ಬಾಯಿಗಿಡುತ್ತಿದ್ದೆ. ಆಮೇಲೆ ಮೊಣಕೈ ಮುಟ್ಟುವುದು. ಆಮೇಲೆ ಅದೂ ಬೇಕಾಗಲಿಲ್ಲ. ಕೇಳುವುದನ್ನು ಕಲಿಯಲು ತಿಂಗಳುಗಳೇ ಹಿಡಿದಿದ್ದವು, ಬಾಯಿ ಮುಚ್ಚುವುದನ್ನು ಕಲಿಯಲು ಎರಡು ಮೂರು ಸಂತೆ ಸಾಕಾಯಿತು. ಅಜ್ಜಿ ಸಂತೋಷಪಟ್ಟು ಒಂದು ಬಾಳೆಗೊನೆ ಕಳಿಸಿದರು.

ಆಮೇಲೆ ಒಂದು ದಿನ ಬಸ್ಸಿನ ಆಟದಲ್ಲಿ ಲೈನಿನ ಹುಡುಗ ಚಪ್ಪಲಿ ಬಿಡದೆ ಪೆಟ್ಟಿಗೆಯ ಮೇಲೆ ಕೂತಿದ್ದ. ಪುಟ್ಟಿ ಅವನ ಮುಂದೆ ಬಂದು ಬಾಯಿ ಮುಚ್ಚಿಕೊಂಡಳು. ಎಲ್ಲರ ಚಪ್ಪಲಿಯನ್ನೂ ಹೊರಗಿಡಿಸಿದೆ. ಅದರ ಮುಂದಿನ ವಾರ ಯಾರ ಕಾಲಲ್ಲೂ ಚಪ್ಪಲಿಯಿರಲಿಲ್ಲ, ಆದರೂ ಮುಚ್ಚಿಕೊಂಡಳು. ಬಸ್ಸೆಂದರೆ ಹೊರಡುವುದಲ್ಲವೇ? ಅವಳ ಪಾಲಿಗೆ ಅದು ಸರಿಯಾಗಿಯೇ ಇತ್ತು. ಉಗ್ಗಿನ ಹುಡುಗ ಬೆವರುತ್ತ, ಅವಳು ಕೇಳದಿದ್ದರೂ, "ಪಾ... ಪಾ... ಪಾಳ್ಯ" ಎಂದ. ಅವಳು ಟಿಕೆಟ್ ಕೊಡಲಿಲ್ಲ.

"ಟೀಚರ್, ಕಂಡಕ್ಟರ್ ಹಾಳಾಗಿದ್ದಾಳೆ" ಎಂದಳು ಸಾಹೇಬರ ಮಗಳು. ನಾನು ಆ ಮಗುವಿನ ಮೇಲೆ ರೇಗಿದೆ. ಅವಳು ಹೇಳಿದ್ದು ನಿಜವಾಗಿತ್ತು, ಅದಕ್ಕೇ ರೇಗಿದ್ದು.

ಆಟ ಬದಲಿಸಿದೆ. ಬಸ್ಸು ಬಿಟ್ಟು ಅಂಗಡಿ ಆಟ ತಂದೆ, "ಏನು ಬೇಕು?" ಎಂದು ಕೇಳಬೇಕಾದ ಆಟ. ಮತ್ತೆ ಕಿವಿಯಲ್ಲಿ ಪಿಸುಗುಟ್ಟಿದೆ, ಮೊಣಕೈ ಮುಟ್ಟಿದೆ. ಮೊಣಕೈ ಮುಟ್ಟಿದರೆ ಅವಳ ಅಂಗೈ ನೇರ ಬಾಯಿಗೆ ಹೋಗುತ್ತಿತ್ತು. ನನ್ನ ಕೈಯೇ ಅವಳಿಗೆ ಬಾಯಿ ಮುಚ್ಚುವ ಗುರುತಾಗಿಬಿಟ್ಟಿತ್ತು. ಮಳೆ ಹಿಡಿದ ಮೇಲೆ ವನಗೂರಿನಿಂದ ಸಂತೆಗೆ ಬರುವವರೇ ಕಡಿಮೆಯಾದರು. ಪುಟ್ಟಿಯೂ ಬರಲಿಲ್ಲ.

ಕಾಫಿ ಕೊಯ್ಲಿನ ಹೊತ್ತಿಗೆ ತಾಯಿಯಿಂದ ಒಂದು ಮಾತು ಬಂತು, ಅತ್ತೆ ನಿಮ್ಮನ್ನು ಮನೆಗೆ ಬರಹೇಳಿದ್ದಾರೆ ಎಂದು. ಬೈಸಿಕೊಳ್ಳಲು ತಯಾರಾಗಿಯೇ ಬಸ್ಸಿನಲ್ಲಿ ವನಗೂರಿಗೆ ಹೋಗಿ, ಅಲ್ಲಿಂದ ಜೀಪು ಹತ್ತಿದೆ.

ಅಜ್ಜಿ ಬೈಯಲಿಲ್ಲ. ಕಡುಬು ಬಡಿಸಿದರು, ಕಾಫಿ ಕೊಟ್ಟರು. ಒಳಗಿನ ಮಂಚದಿಂದ ಅಜ್ಜ, "ಬಂದ್ರಾ ಟೀಚರ್? ನಮ್ಮ ಬಸ್ಸು ನಿಂತೋಗೈತೆ ನೋಡಿ" ಎಂದರು. ಪುಟ್ಟಿ ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಮುಂದಕ್ಕೋಗಿ ಎನ್ನುವುದೂ ಇಲ್ಲ, ರೈಟ್ ಎನ್ನುವುದೂ ಇಲ್ಲ.

ನಾನು ಲೋಟ ಕೆಳಗಿಡುವಷ್ಟರಲ್ಲಿ ಅಜ್ಜಿ ಸೀರೆ ಸರಿಮಾಡಿಕೊಂಡು, ಕೈಚೀಲ ಹಿಡಿದು, ಚಪ್ಪಲಿ ಮೆಟ್ಟಿದರು. ನನ್ನನ್ನು ಕರೆಸಿಕೊಂಡು ಇವರೆಲ್ಲಿಗೆ ಹೊರಟರು ಎಂದುಕೊಂಡೆ. ಅವರು ಹೊಸಿಲು ದಾಟಿ ಬಂದು ಪುಟ್ಟಿಯ ಎದುರಿಗೇ ನಿಂತರು.

"ಹೊರಟೆ ಕಣೇ ಪುಟ್ಟಿ."

ಪುಟ್ಟಿಯ ಅಂಗೈ ಬಾಯಿಗೆ ಹೋಯಿತು.

"ಹೊರಟೆ ಕಣೇ. ಕೇಳೇ. ಎಲ್ಲಿಗೆ ಅಜ್ಜಿ ಅಂತ ಕೇಳೇ ನಮ್ಮವ್ವ."

ನಾನು ನನ್ನ ಸೀರೆಯ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದೆ. ಅಜ್ಜಿ ಕಾದರು. ಎಷ್ಟು ಹೊತ್ತು ಕಾಯಬೇಕೆಂದು ಅವರಿಗೆ ಯಾರೂ ಕಲಿಸಿರಲಿಲ್ಲ, ಆದರೂ ನನಗಿಂತ ಚೆನ್ನಾಗಿ ಕಾದರು. ಪುಟ್ಟಿ ಕೈ ತೆಗೆಯಲಿಲ್ಲ. ಕೊನೆಗೆ ಅಜ್ಜಿ ಅಂಗಳ ದಾಟಿ ಗೇಟಿನ ಕಡೆ ನಡೆದರು. ಹಿಂದಿನಿಂದ "ಹೋಗಿ ಬನ್ನಿ" ಎಂದಳು ಪುಟ್ಟಿ, ಅಚ್ಚುಕಟ್ಟಾಗಿ.

ನಾನು ಓಡಿಹೋಗಿ ಅವರನ್ನು ಸೇರಿಕೊಂಡೆ. ರಸ್ತೆಯ ಮೋರಿಕಟ್ಟೆಯ ಮೇಲೆ ಅವರು ಕೂತರು, ನಾನೂ ಕೂತೆ.

"ಹೊರಟ ಮೇಲೆ ಹಂಗೇ ತಿರುಗ್ಬಾರ್ದಲ್ಲ, ಅದಕ್ಕೆ ಇಲ್ಲಿ ಒಂದು ಗಳಿಗೆ ಕೂತಿದ್ದು ಹೋಗ್ತೀನಿ" ಎಂದರು. "ದಿನಾ ಹೊರಡ್ತೀನಿ ಟೀಚರಮ್ಮ. ಎಲ್ಲಿಗೂ ಹೋಗಕಿಲ್ಲ. ಅವಳು ಕೇಳ್ಲಿ ಅಂತ."

ನಾನು ಏನೋ ಹೇಳಲು ಹೋದೆ. ಮತ್ತೆ ಶುರುಮಾಡೋಣ, ಸಣ್ಣ ಸಣ್ಣದಾಗಿ ಎಂದೆಲ್ಲ. ಆ ಮಾತುಗಳನ್ನು ಆಮೇಲೆ ಹೇಳಿದೆ, ಎರಡು ವರ್ಷ ಪ್ರಯತ್ನವನ್ನೂ ಮಾಡಿದೆ. ಪುಟ್ಟಿ ಹೇಳಿದ ಕೆಲಸ ಮಾಡಲು ಕಲಿತಳು, ಬೇಕು ಬೇಡ ಹೇಳಲು ಕಲಿತಳು. ಪ್ರಶ್ನೆ ಮಾತ್ರ ಬರಲೇ ಇಲ್ಲ.

ಆದರೆ ಅಂದು ಅಜ್ಜಿ ನನ್ನ ಮಾತನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ರಸ್ತೆ ನೋಡುತ್ತಿದ್ದರು.

"ಅವತ್ತು ನಾನು ಹೊಡೆದ್ಮೇಲೂ ಅವಳು ಕೈ ಚಾಚ್ಕೊಂಡೇ ನಿಂತಿದ್ಲು" ಎಂದರು. "ಅಷ್ಟು ಜನ ಇದ್ವಿ. ನಮ್ಮ ಯಜಮಾನ್ರನ್ನ ಒಳಕ್ಕೆ ಕರ್ದು ನೀರು ಕುಡಿಸಿ ಕಳ್ಸೋವರ್ಗೂ ನಿಂತಿದ್ಲು. ಆಸ್ಪತ್ರೆಗೆ ಹೋಗ್ತಾರೆ ಕಣವ್ವಾ ಅಂತ ನಾವು ಒಬ್ಬರಾದ್ರೂ ಹೇಳ್ಳೇ ಇಲ್ಲ."